ಪಾತ್ರದ ಕಣ್ಣಾಗುವ ಕ್ಯಾಮೆರಾ: ಯಾವ ಪಿಓವಿ, ಯಾವ ಲೆನ್ಸ್, ಯಾವ ರಿಗ್?

ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಧಣಿ ಗಲ್ಲೆಯಲ್ಲಿ ಕೂತಿದ್ದಾರೆ. ಊರಿನಿಂದ ಆ ಬೆಳಿಗ್ಗೆಯಷ್ಟೇ ಬಂದಿಳಿದ ಹುಡುಗ ಕೈಚೀಲ ಹಿಡಿದು ಎದುರು ನಿಂತು ಕೆಲಸ ಕೇಳುತ್ತಾನೆ. ಮುಂಬಯಿಯಲ್ಲಿ ಕನ್ನಡ ಕಿರುಚಿತ್ರ ಮಾಡುವವರಿಗೆ ಇದು ಕಣ್ಣೆದುರಿನ ದೃಶ್ಯ. ಹುಡುಗನನ್ನು ಧಣಿಯ ಕಣ್ಣಿನಿಂದ, ಅಂದರೆ ಪಿಓವಿಯಲ್ಲಿ (ಪಾಯಿಂಟ್ ಆಫ್ ವ್ಯೂ, ಪಾತ್ರದ ನೋಟ) ತೋರಿಸೋಣ ಎಂದುಕೊಂಡ ಕೂಡಲೇ ತಂಡದಲ್ಲಿ ಏಳುವ ಮೊದಲ ಪ್ರಶ್ನೆ ‘ತಲೆಗೆ ಕಟ್ಟುವ ಕ್ಯಾಮೆರಾ ಯಾರ ಹತ್ತಿರ ಇದೆ?’ ಎಂಬುದು. ಅದನ್ನು ಕೊನೆಗೆ ಕೇಳಬೇಕು. ಮೊದಲು ತೀರ್ಮಾನವಾಗಬೇಕಾದದ್ದು ಬೇರೆ: ನೋಡುಗರು ಧಣಿಯೇ ಆಗಿ ನೋಡಬೇಕೋ, ಧಣಿಯ ಪಕ್ಕ ಕೂತು ನೋಡಬೇಕೋ, ಧಣಿಯ ಹೆಗಲ ಹಿಂದೆ ನಿಂತು ಇಬ್ಬರನ್ನೂ ನೋಡಬೇಕೋ. ಈ ಮೂರಕ್ಕೆ ಮೂರು ಬೇರೆ ಶಾಟ್‌ಗಳಿವೆ. ಲೆನ್ಸು, ರಿಗ್ಗು (ಕ್ಯಾಮೆರಾ ಕಟ್ಟುವ, ಹೊರುವ ಸಾಧನ) ಎಲ್ಲ ಆಮೇಲಿನ ಮಾತು.

ನೇರ ಪಿಓವಿ, ಪಕ್ಕದ ಪಿಓವಿ, ಸಜೆಶನ್

ನೇರ ಪಿಓವಿಯಲ್ಲಿ ಲೆನ್ಸ್ ಇರುವುದು ಧಣಿಯ ಕಣ್ಣು ಇದ್ದ ಜಾಗದಲ್ಲಿ. ಹುಡುಗ ಲೆನ್ಸಿನೊಳಕ್ಕೇ ನೋಡುತ್ತಾನೆ. ಪರದೆಯ ಮೇಲೆ ಅವನು ನಮ್ಮನ್ನೇ ಕೆಲಸ ಕೇಳಿದಂತಾಗುತ್ತದೆ. ಇದರ ಬಲ ಅದೇ, ಅಪಾಯವೂ ಅದೇ. ಒಂದು ನೋಟಕ್ಕೆ, ಒಂದು ವಾಕ್ಯಕ್ಕೆ ಎದೆಗೆ ನಾಟುತ್ತದೆ. ಅದೇ ಹುಡುಗ ಲೆನ್ಸ್ ನೋಡುತ್ತ ಏಳೆಂಟು ವಾಕ್ಯ ಆಡಿದರೆ ವಾರ್ತೆ ಓದುವವನಂತೆ ಕಾಣತೊಡಗುತ್ತಾನೆ, ಧಣಿ ಮರೆತುಹೋಗುತ್ತಾರೆ. ಸಂಭಾಷಣೆ ಎರಡು ವಾಕ್ಯ ದಾಟುವುದಾದರೆ ನೇರ ಪಿಓವಿಯನ್ನು ಒಂದೇ ಸಲಕ್ಕೆ, ದೃಶ್ಯ ತಿರುಗುವ ಕ್ಷಣಕ್ಕೆ ಉಳಿಸಿಕೊಳ್ಳಿ.

ಪಕ್ಕದ ಪಿಓವಿಯಲ್ಲಿ ಕ್ಯಾಮೆರಾ ಧಣಿಯ ಕಣ್ಣಿನ ಎತ್ತರದಲ್ಲೇ ಇರುತ್ತದೆ, ಆದರೆ ಅವರ ಕಣ್ಣಿನಿಂದ 15–20 ಸೆಂ.ಮೀ. ಆಚೆ ಸರಿದಿರುತ್ತದೆ. ಧಣಿಯ ಪಾತ್ರಧಾರಿ ಲೆನ್ಸಿಗೆ ಒತ್ತಿಕೊಂಡೇ ಕೂರುತ್ತಾರೆ, ಹುಡುಗ ಲೆನ್ಸನ್ನಲ್ಲ, ಅವರನ್ನು ನೋಡುತ್ತಾನೆ. ಧಣಿಯ ಜಾಗದ ಅನುಭವ ಸಿಗುತ್ತದೆ, ‘ನನ್ನನ್ನೇ ದಿಟ್ಟಿಸುತ್ತಿದ್ದಾನೆ’ ಎಂಬ ಬಿಗಿ ಇರುವುದಿಲ್ಲ. ಮಾತು ಹೆಚ್ಚಿರುವ ದೃಶ್ಯಗಳಿಗೆ ನಮ್ಮ ಮೊದಲ ಆಯ್ಕೆ ಇದು. ಲುಕ್ ಕೊಡಲು, ಅಂದರೆ ಎದುರಿನ ನಟನ ನೋಟಕ್ಕೆ ಗುರಿಯಾಗಲು, ಪಾತ್ರಧಾರಿಯೇ ಕೂರಬೇಕು. ಲೆನ್ಸಿನ ಮುಂದೆ ಬೆಳಕು ತಡೆಯಲು ಹಾಕುವ ಮ್ಯಾಟ್ ಬಾಕ್ಸಿನ ಅಂಚಿಗೆ ಟೇಪಿನ ತುಣುಕು ಅಂಟಿಸಿ ‘ಇದನ್ನು ನೋಡು’ ಎಂದರೆ ಹೊಸ ನಟರ ಕಣ್ಣು ಸತ್ತಂತೆ ಕಾಣುತ್ತದೆ.

ಸಜೆಶನ್, ಅಂದರೆ ಹೆಗಲ ಮೇಲಿನಿಂದ ತೆಗೆದ ಶಾಟ್, ಪಿಓವಿಯ ಹತ್ತಿರದ ನೆಂಟ ಮಾತ್ರ. ಧಣಿಯ ಹೆಗಲು, ಕಿವಿಯ ಅಂಚು, ಅದರಾಚೆ ಹುಡುಗ. ಗಲ್ಲೆಗೂ ಹುಡುಗನಿಗೂ ನಡುವೆ ಎಷ್ಟು ದೂರವಿದೆ ಎಂಬುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಆದರೆ ಇದು ದೃಶ್ಯದ ನೋಟ, ಧಣಿಯದಲ್ಲ. ಇಬ್ಬರ ನಡುವಿನ ಸಂಬಂಧ ಮುಖ್ಯವಾದರೆ ಇದನ್ನು ಆರಿಸಿ, ಒಬ್ಬರ ಮನಸ್ಸು ಮುಖ್ಯವಾದರೆ ಬೇಡ.

ಯಾವುದನ್ನು ಆರಿಸಿದರೂ ನೋಟದ ಓರೆಯನ್ನು ಲೆಕ್ಕ ಹಾಕಲೇಬೇಕು. ಗಲ್ಲೆಯ ಕುರ್ಚಿಯಲ್ಲಿ ಕೂತ ಧಣಿಯ ಕಣ್ಣು ನೆಲದಿಂದ 120 ಸೆಂ.ಮೀ., ಎದುರು ನಿಂತ ಹುಡುಗನದು 155, ನಡುವಿನ ದೂರ ಒಂದೂವರೆ ಮೀಟರ್ ಎಂದುಕೊಳ್ಳಿ. ಧಣಿಯ ಪಿಓವಿ ಸುಮಾರು 13 ಡಿಗ್ರಿ ಮೇಲಕ್ಕೆ ನೋಡಬೇಕು, ಹುಡುಗನ ಪಿಓವಿ ಅಷ್ಟೇ ಕೆಳಕ್ಕೆ ನೋಡಬೇಕು. ಎರಡನ್ನೂ ಎದುರಿನವರ ಮುಖದ ಮಟ್ಟಕ್ಕೇ ಕ್ಯಾಮೆರಾ ಇಟ್ಟು ತೆಗೆದರೆ ಒಂದೊಂದು ಫ್ರೇಮೂ ಚಂದ ಕಾಣುತ್ತದೆ, ಜೋಡಿಸಿದಾಗ ಮಾತ್ರ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಇದ್ದಂತಿರುತ್ತದೆ. ‘ಏನೋ ಸರಿ ಇಲ್ಲ, ಏನೆಂದು ಗೊತ್ತಾಗುತ್ತಿಲ್ಲ’ ಎಂದು ಎಡಿಟರ್ ಹೇಳುವ ದೃಶ್ಯಗಳಲ್ಲಿ ಬಹುಪಾಲು ತಪ್ಪು ಇಲ್ಲೇ ಇರುತ್ತದೆ.

ಎತ್ತರ: ಟೇಪ್ ಹಿಡಿದು ಅಳೆಯಿರಿ

ಟ್ರೈಪಾಡನ್ನು ಕ್ಯಾಮೆರಾಮನ್ನಿನ ಅನುಕೂಲದ ಎತ್ತರಕ್ಕೆ ಏರಿಸುವುದು ಕೈಗೆ ಅಂಟಿದ ಅಭ್ಯಾಸ. ಪಿಓವಿಯಲ್ಲಿ ಆ ಅಭ್ಯಾಸ ಪಾತ್ರವನ್ನೇ ಬದಲಿಸುತ್ತದೆ. ನಿಂತ ವಯಸ್ಕರ ಕಣ್ಣು ಸಾಮಾನ್ಯವಾಗಿ 145–160 ಸೆಂ.ಮೀ. ನಡುವೆ ಇರುತ್ತದೆ, ಕುರ್ಚಿಯಲ್ಲಿ ಕೂತರೆ 110–120. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಅಜ್ಜಿಯ ಕಣ್ಣು 70–75ರ ಆಸುಪಾಸು, ಆರು ವರ್ಷದ ಮಗುವಿನದು 105ರ ಹತ್ತಿರ. ಇವು ಅಂದಾಜಿಗೆ ಮಾತ್ರ. ನಟರನ್ನು ಅವರ ಜಾಗದಲ್ಲಿ ಕೂರಿಸಿ ನೆಲದಿಂದ ಕಣ್ಣಿನವರೆಗೆ ಟೇಪ್ ಹಿಡಿಯಿರಿ, ಲೆನ್ಸಿನ ನಡುಮಧ್ಯವನ್ನು ಆ ಎತ್ತರಕ್ಕೆ ತನ್ನಿ.

ಚಾಳಿನ ಖೋಲಿಯಲ್ಲಿ ನೆಲದ ಮೇಲೆ ಕೂತು ಬಾಗಿಲಾಚೆಯ ಗ್ಯಾಲರಿಯನ್ನು ನೋಡುವ ಅಜ್ಜಿಯ ನೋಟ ಇದಕ್ಕೆ ಒಳ್ಳೆಯ ಪಾಠ. 75 ಸೆಂ.ಮೀ. ಎತ್ತರದಲ್ಲಿ ಲೆನ್ಸ್ ಇಟ್ಟರೆ ಗ್ಯಾಲರಿಯ ಕಟಕಟೆಯ ಸರಳುಗಳು ನೋಟಕ್ಕೆ ಅಡ್ಡ ಬರುತ್ತವೆ, ಹಾದುಹೋಗುವವರ ಸೊಂಟ, ಕೈಯಲ್ಲಿನ ಬಕೆಟ್ಟು, ಚಪ್ಪಲಿ ಕಾಣುತ್ತವೆ, ಮುಖ ಕಾಣುವುದಿಲ್ಲ. ಅಜ್ಜಿಯ ಲೋಕ ಅಷ್ಟೇ. ಅದನ್ನೇ 120ಕ್ಕೆ ಏರಿಸಿದರೆ ಬರೀ ಗ್ಯಾಲರಿಯ ಶಾಟ್ ಉಳಿಯುತ್ತದೆ. ಹಲವು ಟ್ರೈಪಾಡ್‌ಗಳು ಇಷ್ಟು ಕೆಳಗಿಳಿಯುವುದಿಲ್ಲವಾದ್ದರಿಂದ ಬಾಡಿಗೆ ಪಟ್ಟಿಗೆ ಹೈ ಹ್ಯಾಟ್ (ಕ್ಯಾಮೆರಾವನ್ನು ನೆಲದ ಹತ್ತಿರ ಇಡುವ ಗಿಡ್ಡ ಪೀಠ) ಒಂದು, ಆಪಲ್ ಬಾಕ್ಸ್‌ನ (ಎತ್ತರ ಹೊಂದಿಸುವ ಮರದ ಪೆಟ್ಟಿಗೆ) ಪೂರ್ಣ, ಅರ್ಧ, ಕಾಲು ಅಳತೆಯವು ಒಂದೊಂದು ಸೇರಿಸಿ. ಅಂಧೇರಿಯ ಬಾಡಿಗೆಯವರಲ್ಲಿ ದುಬಾರಿ ಲೆನ್ಸ್‌ಗೆ ಚೌಕಾಶಿ ಮಾಡುವ ಮೊದಲು ಇವು ಪಟ್ಟಿಯಲ್ಲಿವೆಯೇ ನೋಡಿ.

ಲೆನ್ಸ್: 24, 35, 50

‘ಮನುಷ್ಯನ ಕಣ್ಣಿಗೆ ಸಮನಾದ ಲೆನ್ಸ್’ ಎಂದು ಒಂದೇ ಒಂದು ಇಲ್ಲ. ಕಣ್ಣಂಚಿನ ನೋಟ ತುಂಬ ಅಗಲ, ಗಮನ ಇಟ್ಟು ನೋಡುವ ಭಾಗ ತುಂಬ ಕಿರಿದು. ಹಾಗಾಗಿ ಪಾತ್ರ ಆ ಹೊತ್ತಿಗೆ ಏನನ್ನು ನೋಡುತ್ತಿದೆ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಎದುರಿನವರು 1.2 ಮೀಟರ್ ದೂರದಲ್ಲಿದ್ದಾಗ, 24 ಎಂಎಂ ಲೆನ್ಸ್ ಸುಮಾರು 1.8 ಮೀಟರ್ ಅಗಲವನ್ನು ಹಿಡಿಯುತ್ತದೆ; 35 ಎಂಎಂ 1.2 ಮೀಟರ್, 50 ಎಂಎಂ 85 ಸೆಂ.ಮೀ. ಮಾತಾಡುವ ದೂರದಲ್ಲಿ ಎದೆಯಿಂದ ತಲೆಯವರೆಗೆ ಬರುವುದು 35ರಲ್ಲಿ, ಮುಖಕ್ಕೆ ಮನಸ್ಸು ಕೊಟ್ಟ ನೋಟ ಬರುವುದು 50ರಲ್ಲಿ. ಎಪಿಎಸ್-ಸಿ ಅಥವಾ ಸೂಪರ್ 35 ಎಂಬ ಚಿಕ್ಕ ಅಳತೆಯ ಸೆನ್ಸರ್ ಆದರೆ ಇವನ್ನು ಒಂದೂವರೆಯಿಂದ ಭಾಗಿಸಿ: 16, 24, 35ರ ಹತ್ತಿರ ಬರುತ್ತದೆ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24–26 ಎಂಎಂಗೆ ಸಮ. ಆದ್ದರಿಂದ ಮೊಬೈಲಿನಲ್ಲಿ ಮುಖ ನೋಡುವ ಪಿಓವಿಗೆ 2ಎಕ್ಸ್ ಒತ್ತಿ ತೆಗೆಯಿರಿ.

ಹತ್ತಡಿ-ಹತ್ತಡಿಯ ಖೋಲಿಯಲ್ಲಿ ಜಾಗ ಸಾಲದೆ 16 ಎಂಎಂಗೆ ಕೈ ಹೋಗುವುದು ಸಹಜ. ಅದು ಖೋಲಿಯನ್ನು ಹಾಲ್‌ನಂತೆ ಅಗಲ ಮಾಡಿಬಿಡುತ್ತದೆ, ಹತ್ತಿರ ಬಂದವರ ಮೂಗನ್ನು ಉಬ್ಬಿಸುತ್ತದೆ. ಆರು ಜನ ಒತ್ತಿಕೊಂಡು ಬದುಕುವ ಮನೆ ಎಂಬ ಅನುಭವವೇ ಕಳೆದುಹೋಗುತ್ತದೆ. ಫುಲ್ ಫ್ರೇಮ್ ಲೆಕ್ಕದಲ್ಲಿ 28ಕ್ಕಿಂತ ಅಗಲಕ್ಕೆ ಹೋಗಬೇಡಿ. ಫ್ರೇಮಿನಲ್ಲಿ ಎಲ್ಲ ಹಿಡಿಸದಿದ್ದರೆ ಹಿಡಿಸದಿರಲಿ, ಇಕ್ಕಟ್ಟು ಕಾಣಬೇಕಾದ್ದೇ ಹಾಗೆ.

ಪಾತ್ರದ ಕೈ ಫ್ರೇಮಿಗೆ ಬರಬೇಕಾದಾಗ ಮಾತ್ರ 24–28 ಬೇಕಾಗುತ್ತದೆ. 50ರಲ್ಲಿ ಕೈ ಕಂಬದಂತೆ ಕಾಣುತ್ತದೆ, ಎಲ್ಲಿಂದ ಚಾಚಿತೆಂದು ತಿಳಿಯುವುದಿಲ್ಲ. ಕ್ಯಾಮೆರಾ ಹಿಡಿದವರ ಕೈಯನ್ನೇ ಬಳಸುವ ಆಸೆ ಬೇಡ. ನಟ ಕ್ಯಾಮೆರಾಮನ್ನಿನ ಬೆನ್ನಿಗೆ ಆತು ನಿಂತು, ಲೆನ್ಸಿನ ಕೆಳಗಡೆಯಿಂದ ಕೈ ಚಾಚಬೇಕು. ಮೇಲಿನಿಂದ ಬಂದ ಕೈ ಬೇರೆಯವರದ್ದೆಂದು ಕೂಡಲೇ ಗೊತ್ತಾಗುತ್ತದೆ. ಉಂಗುರ, ಬಳೆ, ಗಡಿಯಾರ, ತೋಳಿನ ಮಡಿಕೆ ಎಲ್ಲವನ್ನೂ ಹಿಂದಿನ ಶಾಟಿನ ಫೋಟೋ ಜೊತೆ ತಾಳೆ ನೋಡಿ. ಪತ್ರ ಓದುವ ಶಾಟ್ ಇದ್ದರೆ ಇನ್ನೊಂದು ತೊಡಕು: ಹೆಚ್ಚಿನ 50 ಎಂಎಂ ಎಫ್ 1.8 ಲೆನ್ಸ್‌ಗಳು 30–45 ಸೆಂ.ಮೀ.ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಫೋಕಸ್ ಸಾಮಾನ್ಯವಾಗಿ ಸ್ಥಿರವಾಗಿರುವುದರಿಂದ ಒಂದು ಅಡಿಯೊಳಗೆ ತಂದ ಅಕ್ಷರ ಮಸುಕಾಗಿಬಿಡುತ್ತದೆ. ಅಕ್ಷರ ಓದಿಸಬೇಕಾದ ಶಾಟನ್ನು ಮ್ಯಾಕ್ರೋ ಲೆನ್ಸ್‌ನಲ್ಲಿ ಬೇರೆಯಾಗಿಯೇ ತೆಗೆಯಿರಿ.

ರಿಗ್: ನಡೆಯುವಾಗ ಕಣ್ಣು ಅಲುಗುವುದಿಲ್ಲ

ಈಗ ತಲೆಗೆ ಕಟ್ಟುವ ಕ್ಯಾಮೆರಾದ ಮಾತು. ದಾದರ್ ಸೇತುವೆಯ ಮೆಟ್ಟಿಲಿಳಿಯುವಾಗ ನಿಮ್ಮ ತಲೆ ಹೆಜ್ಜೆಹೆಜ್ಜೆಗೂ ಕುಪ್ಪಳಿಸುತ್ತದೆ, ಕಣ್ಣಿನ ಮುಂದಿನ ಲೋಕ ಮಾತ್ರ ಕುಪ್ಪಳಿಸುವುದಿಲ್ಲ. ತಲೆ ಅಲುಗಿದಷ್ಟೂ ಕಣ್ಣುಗುಡ್ಡೆ ಅದರ ವಿರುದ್ಧ ತಿರುಗಿ ನೋಟವನ್ನು ನಿಲ್ಲಿಸುತ್ತದೆ. ಒಳಕಿವಿಯ ಸಮತೋಲದ ಅಂಗವೂ ಮಿದುಳೂ ಸೇರಿ ಮಾಡುವ ಕೆಲಸ ಅದು. ತಲೆಗೆ ಕಟ್ಟಿದ ಕ್ಯಾಮೆರಾಗೆ ಈ ಕಣ್ಣುಗುಡ್ಡೆ ಇಲ್ಲ. ಹಾಗಾಗಿ ಅದು ಮನುಷ್ಯ ‘ಕಂಡದ್ದನ್ನು’ ಹಿಡಿಯುವುದಿಲ್ಲ, ತಲೆ ‘ಹೋದ ದಾರಿಯನ್ನು’ ಹಿಡಿಯುತ್ತದೆ. ದೊಡ್ಡ ಪರದೆಯಲ್ಲಿ ಎರಡು ನಿಮಿಷ ನೋಡಿದರೆ ಹೊಟ್ಟೆ ತೊಳಸುತ್ತದೆ.

ಅದಕ್ಕೇ ನಿಂತ, ಕೂತ ಪಾತ್ರದ ಪಿಓವಿಗೆ ಟ್ರೈಪಾಡೇ ಸಾಕು. ತೀರಾ ಕಲ್ಲಿನಂತೆ ಕಾಣುತ್ತದೆ ಎನಿಸಿದರೆ ಹೆಡ್ಡಿನ ಪ್ಯಾನ್ (ಅಕ್ಕಪಕ್ಕ ತಿರುಗುವ), ಟಿಲ್ಟ್ (ಮೇಲೆ-ಕೆಳಗೆ ಬಾಗುವ) ಬಿಗಿತ ಸಡಿಲಿಸಿ ಕೈ ಇಟ್ಟುಕೊಳ್ಳಿ. ಕಂಡೂ ಕಾಣದ ಉಸಿರಾಟ ಬರುತ್ತದೆ.

ನಡೆಯುವ ಪಾತ್ರಕ್ಕೆ ಕೈಯಲ್ಲಿ ಹಿಡಿದ ಕ್ಯಾಮೆರಾ, ಆದರೆ ತೂಕದೊಂದಿಗೆ. ಒಂದು ಕಿಲೋಗಿಂತ ಹಗುರವಾದ ಮಿರರ್‌ಲೆಸ್ ಕ್ಯಾಮೆರಾ ಬೆರಳಿನ ನಡುಕವನ್ನೆಲ್ಲ ದಾಖಲಿಸುತ್ತದೆ. ಹೆಗಲ ರಿಗ್‌ಗೆ ಹಾಕಿ, ಹಿಂದೆ ಬ್ಯಾಟರಿ ಸೇರಿಸಿ ಒಟ್ಟು ಮೂರು ಕಿಲೋ ಮಾಡಿದರೆ ಸಣ್ಣ ನಡುಕ ಹೋಗಿ ದೊಡ್ಡ, ನಿಧಾನದ ತೂಗಾಟ ಮಾತ್ರ ಉಳಿಯುತ್ತದೆ. ಅದು ನಡಿಗೆಯಂತೆ ಕಾಣುತ್ತದೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಮ್ಮಡಿಯಿಂದ ಬೆರಳ ಕಡೆಗೆ ಪಾದ ಉರುಳಿಸುತ್ತ, ಪಾತ್ರದ ವೇಗಕ್ಕಿಂತ ತುಸು ಕಡಿಮೆ ವೇಗದಲ್ಲಿ ನಡೆಯಿರಿ. ಲೆನ್ಸ್ ಅಗಲವಾದಷ್ಟೂ ವೇಗ ಹೆಚ್ಚಾಗಿ ಕಾಣುತ್ತದೆ ಎಂಬುದು ನೆನಪಿರಲಿ.

ಮೋಟಾರಿನಿಂದ ಅಲುಗಾಟ ತಡೆಯುವ ಗಿಂಬಲ್ ಎಲ್ಲರ ಮನೆಯಲ್ಲೂ ಇರುವುದರಿಂದ ಎಲ್ಲ ಪಿಓವಿಗೂ ಅದೇ ಬಳಕೆಯಾಗುತ್ತಿದೆ. ಹೆಜ್ಜೆಯಿಲ್ಲದೆ ತೇಲುವ ಆ ನೋಟವನ್ನು ಕಂಡ ಪ್ರೇಕ್ಷಕರು ‘ಯಾರೋ ಹಿಂಬಾಲಿಸುತ್ತಿದ್ದಾರೆ’ ಅಥವಾ ‘ದೆವ್ವ’ ಎಂದೇ ಓದಿಕೊಳ್ಳುತ್ತಾರೆ. ಭಯದ ಚಿತ್ರಗಳು ಅವರಿಗೆ ಆ ಭಾಷೆ ಕಲಿಸಿಬಿಟ್ಟಿವೆ. ರಾತ್ರಿ ಪಾಳಿ ಮುಗಿಸಿ ಖೋಲಿಗೆ ಮರಳುವ ದಣಿದ ಸಪ್ಲೈಯರ್ ಹುಡುಗನ ನೋಟಕ್ಕೆ ಅದು ಹೊಂದುವುದಿಲ್ಲ. ಅವನನ್ನು ಕತ್ತಲ ಗಲ್ಲಿಯಿಂದ ಗಮನಿಸುವ ಮತ್ತೊಬ್ಬನ ನೋಟಕ್ಕೆ ಗಿಂಬಲ್‌ಗಿಂತ ಒಳ್ಳೆಯದು ಇಲ್ಲ.

ಹೆಲ್ಮೆಟ್ ರಿಗ್ ನಿಜಕ್ಕೂ ಬೇಕಾಗುವುದು ಎರಡೂ ಕೈ ಕೆಲಸದಲ್ಲಿದ್ದು, ದೇಹ ಓಡುತ್ತಲೋ ಹತ್ತುತ್ತಲೋ ಇರುವಾಗ. ಆ್ಯಕ್ಷನ್ ಕ್ಯಾಮೆರಾ ನೆತ್ತಿಯ ಮೇಲೆ ಬೇಡ. ಅಲ್ಲಿ ಅದು ಕಣ್ಣಿಗಿಂತ 12–15 ಸೆಂ.ಮೀ. ಮೇಲಿರುತ್ತದೆ, ಕೈಗಳು ದೂರದ ಪಾತಾಳದಲ್ಲಿ ಕಾಣುತ್ತವೆ. ಹಣೆಯ ನಡುವೆ, ಹುಬ್ಬಿಗೆ ಆದಷ್ಟು ಹತ್ತಿರ ಕಟ್ಟಿ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ವೈಡ್ ಬಿಟ್ಟು ಲೀನಿಯರ್ ನೋಟ ಆರಿಸಿ, ಇಲ್ಲದಿದ್ದರೆ ಬಾಗಿಲ ಚೌಕಟ್ಟುಗಳೆಲ್ಲ ಬಾಗುತ್ತವೆ. ನಟರಿಗೆ ಒಂದು ಮಾತು ಮೊದಲೇ ಹೇಳಬೇಕು: ಕಣ್ಣು ಹೊರಳಿಸಿದರೆ ಕ್ಯಾಮೆರಾಗೆ ತಿಳಿಯದು, ಮುಖವನ್ನೇ ತಿರುಗಿಸಬೇಕು, ಅದೂ ದಿನನಿತ್ಯಕ್ಕಿಂತ ಅರ್ಧ ವೇಗದಲ್ಲಿ. ಒಳಾಂಗಣದಲ್ಲಿ, ರಾತ್ರಿಯಲ್ಲಿ ಮತ್ತೊಂದು ಕೇಡು ಕಾದಿದೆ. ಎಲೆಕ್ಟ್ರಾನಿಕ್ ಸ್ಥಿರತೆ ಚಿತ್ರವನ್ನು ನಿಲ್ಲಿಸುತ್ತದೆ, ಆದರೆ 1/50 ಶಟರ್‌ನಲ್ಲಿ ಒಂದೊಂದು ಫ್ರೇಮಿನಲ್ಲೂ ಅಲುಗಾಟದ ಮಸುಕು ಆಗಲೇ ಸೇರಿರುತ್ತದೆ. ನಿಂತ ಚಿತ್ರದಲ್ಲಿ ಆ ಮಸುಕು ಮಿಡಿದಂತೆ ಕಾಣುತ್ತದೆ. ಶಟರನ್ನು 1/100ಕ್ಕೆ ಏರಿಸಿ, ಬೆಳಕು ಹೆಚ್ಚಿಸಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟಿನಡಿ 1/50, 1/100 ಎರಡೂ ಮಿನುಗುವುದಿಲ್ಲ, 1/60 ಮಿನುಗುತ್ತದೆ. ಅಗ್ಗದ ಎಲ್‌ಇಡಿಗಳಿದ್ದರೆ ಮೊದಲೇ ಹತ್ತು ಸೆಕೆಂಡ್ ತೆಗೆದು ದೊಡ್ಡ ಮಾನಿಟರಿನಲ್ಲಿ ನೋಡಿ.

ಎದೆಗೆ ಕಟ್ಟುವ ಬೆಲ್ಟ್ ಹೆಲ್ಮೆಟ್ಟಿಗೆ ಬದಲಿಯಲ್ಲ. ಕಾವಲಿಯ ಮುಂದೆ ದೋಸೆ ಹುಯ್ಯುವ ಎರಡು ಕೈಗಳು ಬೇಕಾದರೆ ಅದರಷ್ಟು ಒಳ್ಳೆಯದು ಮತ್ತೊಂದಿಲ್ಲ: ಸೌಟು, ಹಿಟ್ಟು, ಕೈ ಎಲ್ಲ ತಾವಾಗಿಯೇ ಫ್ರೇಮಿನ ಕೆಳಭಾಗದಲ್ಲಿ ಕೂರುತ್ತವೆ. ಅದೇ ಕ್ಯಾಮೆರಾದಲ್ಲಿ ಅಡುಗೆಯವನು ತಲೆಯೆತ್ತಿ ಸಪ್ಲೈಯರ್‌ನನ್ನು ನೋಡುವ ಶಾಟ್ ತೆಗೆಯಹೋದರೆ ಕೆಡುತ್ತದೆ, ಏಕೆಂದರೆ ಲೆನ್ಸ್ ಕಣ್ಣಿಗಿಂತ ಒಂದಡಿ ಕೆಳಗಿದೆ. ಆ ತಲೆಯೆತ್ತುವ ಕ್ಷಣದಲ್ಲಿ ಕಟ್ ಮಾಡಿ ಹೆಗಲ ರಿಗ್‌ಗೆ ಹೋಗಿ. ಕಾವಲಿಯ ಹಬೆ, ಎಣ್ಣೆಯ ಸಿಡಿತಕ್ಕೆ ಲೆನ್ಸಿನ ಮುಂದೆ ತೆಗೆದು ಒರೆಸಬಹುದಾದ ಫಿಲ್ಟರ್ ಇರಲಿ.

ನಟರ ಮೈಗೆ ಕಟ್ಟಿ ಅವರ ಮುಖದ ಕಡೆಗೇ ತಿರುಗಿಸುವ ಸ್ನೋರಿಕ್ಯಾಮ್ ರಿಗ್ಗನ್ನು ಕೆಲವರು ಪಿಓವಿ ಪಟ್ಟಿಗೆ ಸೇರಿಸುತ್ತಾರೆ. ಅದು ಪಾತ್ರ ಕಂಡದ್ದನ್ನು ತೋರಿಸುವುದಿಲ್ಲ, ಪಾತ್ರವನ್ನು ತೋರಿಸುತ್ತದೆ.

ಪ್ಯಾನ್ ಬದಲು ಕಟ್

ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಣ್ಣು ಜಾರುವುದಿಲ್ಲ, ಜಿಗಿಯುತ್ತದೆ. ಜಿಗಿತದ ನಡುವಿನದು ನಮಗೆ ಕಾಣುವುದೇ ಇಲ್ಲ. ಆದ್ದರಿಂದ ಧಣಿ ಹುಡುಗನ ಮುಖದಿಂದ ಅವನ ಹರಿದ ಚಪ್ಪಲಿಗೆ ಕಣ್ಣು ಇಳಿಸಿದರು ಎಂದು ತೋರಿಸಲು ನಿಂತ ಎರಡು ಶಾಟ್‌ಗಳ ನಡುವಿನ ಕಟ್, ಟಿಲ್ಟ್‌ಗಿಂತ ಹೆಚ್ಚು ಕಣ್ಣಿನಂತೆ ಇರುತ್ತದೆ. ಟಿಲ್ಟ್ ಮಾಡಿದರೆ ನೋಡುಗರಿಗೆ ಕ್ಯಾಮೆರಾ ಕಾಣುತ್ತದೆ. ನಿಧಾನವಾಗಿ ಅಳೆಯುವ ನೋಟ, ಅಂದರೆ ಅಡಿಯಿಂದ ಮುಡಿಯವರೆಗೆ ಒಬ್ಬರನ್ನು ತೂಗುವ ದೃಷ್ಟಿ ಬೇಕಾದಾಗ ಮಾತ್ರ ಟಿಲ್ಟ್. ಪ್ಯಾನ್ ಮಾಡಲೇಬೇಕಾದರೆ ಫ್ರೇಮಿನ ಒಂದಂಚಿನ ವಸ್ತು ಇನ್ನೊಂದಂಚು ಮುಟ್ಟಲು ಏಳು ಸೆಕೆಂಡ್ ಹಿಡಿಯಲಿ ಎಂಬುದು ಸೆಕೆಂಡಿಗೆ 24–25 ಫ್ರೇಮಿನ ಚಿತ್ರೀಕರಣದ ಹಳೆಯ ಲೆಕ್ಕ. ಅದಕ್ಕಿಂತ ವೇಗವಾದರೆ ಚಿತ್ರ ತಡವರಿಸುತ್ತದೆ.

ಕಣ್ಣು ಮಿಟುಕಿಸಿದಂತೆ ಕಪ್ಪು ರೆಪ್ಪೆ ಮುಚ್ಚಿ ತೆರೆಯುವ ಎಫೆಕ್ಟ್ ಎಚ್ಚರಗೊಳ್ಳುವ, ಮೂರ್ಛೆ ತಿಳಿಯುವ ದೃಶ್ಯಕ್ಕೆ ಸರಿ. ಎಚ್ಚರವಾಗಿರುವವರಿಗೆ ತಮ್ಮ ರೆಪ್ಪೆ ಕಾಣುವುದಿಲ್ಲ.

ಕನ್ನಡಿ

ಬಣ್ಣದ ಮನೆಯಲ್ಲಿ ಯಕ್ಷಗಾನದ ವೇಷಧಾರಿ ಕನ್ನಡಿ ನೋಡುತ್ತ ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಾರೆ. ಇದನ್ನು ಅವರ ಕಣ್ಣಿನಿಂದ ತೆಗೆಯುವುದು ಹೇಗೆ? ಕ್ಯಾಮೆರಾವನ್ನು ನೇರ ಇಟ್ಟರೆ ಕನ್ನಡಿಯಲ್ಲಿ ಕ್ಯಾಮೆರಾವೇ ಕಾಣುತ್ತದೆ. ಉಪಾಯ ಸರಳ: ಕ್ಯಾಮೆರಾವನ್ನು ನಟರ ಪಕ್ಕ 50–60 ಸೆಂ.ಮೀ. ಸರಿಸಿ, ಕನ್ನಡಿಯಲ್ಲಿ ಕಾಣುವ ಅವರ ಪ್ರತಿಬಿಂಬದ ಕಡೆ ತಿರುಗಿಸಿ. ನಟರು ತಮ್ಮ ಪ್ರತಿಬಿಂಬವನ್ನಲ್ಲ, ಕನ್ನಡಿಯಲ್ಲಿ ಕಾಣುವ ಲೆನ್ಸಿನ ಪ್ರತಿಬಿಂಬವನ್ನು ನೋಡಬೇಕು. ಆಗ ಪರದೆಯಲ್ಲಿ ಅವರು ತಮ್ಮನ್ನೇ ನೋಡಿಕೊಂಡಂತೆ ಇರುತ್ತದೆ. 50 ಎಂಎಂ ಅಥವಾ 85 ಎಂಎಂ ಬಳಸಿದರೆ ಕ್ಯಾಮೆರಾದ ಪ್ರತಿಬಿಂಬ ಫ್ರೇಮಿನಾಚೆ ಉಳಿಯುತ್ತದೆ. ಕನ್ನಡಿಯ ಅಂಚು ಫ್ರೇಮಿಗೆ ಬಂದರೆ ಓರೆ ಬಯಲಾಗುತ್ತದೆ, ಆದ್ದರಿಂದ ಅಂಚು ಬಿಡಿ. ಫೋಕಸ್ ದೂರ ಕನ್ನಡಿಯವರೆಗಲ್ಲ: ಕ್ಯಾಮೆರಾದಿಂದ ಕನ್ನಡಿ, ಕನ್ನಡಿಯಿಂದ ಮುಖ, ಎರಡನ್ನೂ ಕೂಡಿಸಿದಷ್ಟು. ಅಡ್ಡಾದಿಡ್ಡಿ ಹೊಳೆಯುವ ಬಲ್ಬುಗಳನ್ನು ಕಪ್ಪು ಬಟ್ಟೆಯಿಂದ ಮರೆಮಾಡಿ. ಅಂದಹಾಗೆ ಕನ್ನಡಿಯಲ್ಲಿ ಎಡ-ಬಲ ಅದಲುಬದಲು ಆಗುವುದರಿಂದ ಬಣ್ಣ ಹಚ್ಚುವ ಕೈ ಮುಂದಿನ ಶಾಟ್‌ನಲ್ಲಿ ತಪ್ಪಿಹೋಗುವುದು ಸಾಮಾನ್ಯ, ಗುರುತು ಮಾಡಿಕೊಳ್ಳಿ.

ಯಂತ್ರದ ಕಣ್ಣು

ಬಾಗಿಲ ರಂಧ್ರ, ದುರ್ಬೀನು, ಸಿಸಿಟಿವಿ, ಮೊಬೈಲು ಇವೂ ಪಿಓವಿಗಳೇ. ಈ ದಾರಿ ಸಿನಿಮಾದಷ್ಟೇ ಹಳೆಯದು: 1900ರಲ್ಲೇ ಇಂಗ್ಲೆಂಡಿನ ಜಾರ್ಜ್ ಆಲ್ಬರ್ಟ್ ಸ್ಮಿತ್, ಭೂತಗನ್ನಡಿಯಲ್ಲಿ ನೋಡುವ ಹುಡುಗನ ನೋಟವನ್ನು ಕಪ್ಪಿನ ನಡುವಿನ ದುಂಡು ಚಿತ್ರವಾಗಿ ತೋರಿಸಿದ್ದರು. ಸಿಸಿಟಿವಿಗೆ ಕ್ಯಾಮೆರಾವನ್ನು ಎರಡೂವರೆ-ಮೂರು ಮೀಟರ್ ಎತ್ತರದ ಮೂಲೆಯಲ್ಲಿ ಕಟ್ಟಿ, ಅಗಲ ಲೆನ್ಸ್ ಹಾಕಿ, ಪೂರ್ತಿ ಅಲುಗಾಡದಂತೆ ಬಿಡಿ. ಕೈಯಲ್ಲಿ ಹಿಡಿದು ತೆಗೆದು ಎಡಿಟ್‌ನಲ್ಲಿ ಗೆರೆ, ಗಡಿಯಾರ ಸೇರಿಸಿದರೆ ಯಾರೂ ನಂಬುವುದಿಲ್ಲ.

ಪೂರ್ತಿ ಚಿತ್ರವೇ ಪಿಓವಿಯಾದರೆ

1947ರಲ್ಲಿ ರಾಬರ್ಟ್ ಮಾಂಟ್ಗೊಮರಿ ‘ಲೇಡಿ ಇನ್ ದ ಲೇಕ್’ ಚಿತ್ರವನ್ನು ಹೆಚ್ಚುಕಡಿಮೆ ಪೂರ್ತಿ ಪತ್ತೇದಾರನ ಕಣ್ಣಿನಿಂದಲೇ ತೆಗೆದರು. ನಾಯಕ ಕಾಣುವುದು ಕನ್ನಡಿಗಳಲ್ಲಿ ಮತ್ತು ನಡುನಡುವೆ ಅವನು ನಮ್ಮೊಡನೆ ಮಾತಾಡುವಾಗ ಮಾತ್ರ. ಈ ದಾರಿಯಲ್ಲಿ ಕಳೆದುಕೊಳ್ಳುವುದು ದೊಡ್ಡದು. ಪಾತ್ರ ನೋಡುತ್ತದೆ, ಕಂಡದ್ದು ಕಾಣುತ್ತದೆ, ಪಾತ್ರದ ಮುಖ ಬದಲಾಗುತ್ತದೆ: ಈ ಮೂರರಲ್ಲಿ ಮೂರನೆಯದು ಇಲ್ಲವಾಗುತ್ತದೆ. ಮುಖ ಕಾಣದ ಪಾತ್ರಕ್ಕಾಗಿ ಮರುಗುವುದು ಕಷ್ಟ. 2024ರ ‘ನಿಕಲ್ ಬಾಯ್ಸ್’ ಇದಕ್ಕೆ ಒಳ್ಳೆಯ ಪರಿಹಾರ ಹುಡುಕಿತು: ಇಬ್ಬರು ಹುಡುಗರ ಕಣ್ಣುಗಳ ನಡುವೆ ಚಿತ್ರ ಓಡಾಡುತ್ತದೆ, ಆದ್ದರಿಂದ ಒಬ್ಬನ ಮುಖ ಇನ್ನೊಬ್ಬನ ಕಣ್ಣಿಗೆ ಸಿಗುತ್ತದೆ. ಹತ್ತು ನಿಮಿಷದ ಕಿರುಚಿತ್ರ ಪೂರ್ತಿ ಪಿಓವಿಯಲ್ಲಿ ಬೇಕೆಂದಾದರೆ ಈ ಎರಡು ಕಣ್ಣಿನ ದಾರಿಯನ್ನು ಮೊದಲು ಯೋಚಿಸಿ.

ಲೋಕಲ್ ಮತ್ತು ಮಳೆ

ಲೋಕಲ್ ರೈಲಿನ ಬಾಗಿಲಲ್ಲಿ ನಿಂತವರ ನೋಟ ಮುಂಬಯಿ ಕಥೆಗಳಲ್ಲಿ ಬರದೇ ಇರುವುದಿಲ್ಲ. ರೈಲು, ನಿಲ್ದಾಣ ಎರಡರಲ್ಲೂ ಚಿತ್ರೀಕರಣಕ್ಕೆ ರೈಲ್ವೆಯ ಅನುಮತಿ ಬೇಕು. ಅನುಮತಿ ಇದ್ದರೂ ಕೋಲಿಗೆ ಕಟ್ಟಿದ ಕ್ಯಾಮೆರಾವನ್ನು ಬಾಗಿಲಾಚೆ ಚಾಚಬೇಡಿ: ಹಳಿಯ ಪಕ್ಕದ ಕಂಬಗಳು ಕೈಯಳತೆಯಲ್ಲಿವೆ, ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತಿರುತ್ತದೆ. ಡಬ್ಬಿಯ ಒಳಗೆ, ನಟರ ಕಣ್ಣಿನ ಜಾಗದಲ್ಲಿ, ನಡುವಿನ ಕಂಬಕ್ಕೆ ಆತು ನಿಂತು 35 ಎಂಎಂನಲ್ಲಿ ತೆಗೆದದ್ದು ಸಾಕು. ಬಾಗಿಲ ಚೌಕಟ್ಟು ಫ್ರೇಮಿನ ಒಂದಂಚಿನಲ್ಲಿ ಉಳಿಯಲಿ, ವೇಗ ಅದರಿಂದಲೇ ತಿಳಿಯುತ್ತದೆ.

ಮಳೆಗಾಲದ ಪಿಓವಿಯಲ್ಲಿ ಲೆನ್ಸಿನ ಮೇಲೆ ಒಂದು ಹನಿ ಕೂತರೂ ಶಾಟ್ ಹೋಯಿತು. ನಮ್ಮ ಕಣ್ಣಿನ ಮೇಲೆ ಹನಿ ನಿಂತು ಕಾಣುವುದಿಲ್ಲ; ಕನ್ನಡಕದವರ ಪಾತ್ರವಾದರೆ ಮಾತು ಬೇರೆ. ಛತ್ರಿಯನ್ನು ಲೆನ್ಸಿಗಿಂತ ಒಂದಡಿ ಮುಂದಕ್ಕೆ ಚಾಚಿ ಹಿಡಿಯಲು ಒಬ್ಬರನ್ನು ನೇಮಿಸಿ. ಏಸಿ ಕೋಣೆಯಿಂದ ಹೊರತಂದ ಲೆನ್ಸ್ ಮಂಜುಗಟ್ಟುತ್ತದೆ, ಅರ್ಧ ಗಂಟೆ ಮೊದಲೇ ಚೀಲದಲ್ಲಿಟ್ಟು ಹೊರಗಿನ ಗಾಳಿಗೆ ತನ್ನಿ.

ಸದ್ದು ಮತ್ತು ತೆಗೆಯುವ ಕ್ರಮ

ಪಿಓವಿ ಶಾಟಿನ ಅರ್ಧ ಬಲ ಸದ್ದಿನದೇ. ನಟರ ಉಸಿರು, ಬಟ್ಟೆಯ ಸರಸರ, ಅವರದೇ ಹೆಜ್ಜೆ ಇವನ್ನು ಶಾಟ್ ಮುಗಿದ ಮೇಲೆ ಅದೇ ಜಾಗದಲ್ಲಿ ಎರಡು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಹೆಲ್ಮೆಟ್ ಕ್ಯಾಮೆರಾದ ಮೈಕಿನಲ್ಲಿ ಪಟ್ಟಿಯ ಕಿರುಗುಟ್ಟುವಿಕೆ ಬಿಟ್ಟು ಬೇರೇನೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ನೋಡುವವರ ಶಾಟ್ ತೆಗೆಯಿರಿ, ಆಮೇಲೆ ಅವರು ಕಂಡದ್ದರ ಶಾಟ್. ತಲೆಯ ಎತ್ತರ, ನೋಟದ ದಿಕ್ಕು ತೀರ್ಮಾನವಾಗುವುದು ನಟರಿಂದ. ಪಿಓವಿಯನ್ನು ಮೊದಲೇ ತೆಗೆದಿಟ್ಟರೆ ನಟರು ಅದಕ್ಕೆ ಕತ್ತು ಹೊಂದಿಸಬೇಕಾಗುತ್ತದೆ. ನಟರ ಪಾದಕ್ಕೆ ನೆಲದಲ್ಲಿ ಟೇಪ್ ಗುರುತು, ಕಣ್ಣಿನ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ಇನ್ನೊಂದು ಗುರುತು ಹಾಕಿ, ಅವರು ಸರಿದ ಮೇಲೆ ಲೆನ್ಸನ್ನು ಅಲ್ಲಿಗೇ ತನ್ನಿ. ಶಾಟ್ ಕನಿಷ್ಠ ಎಂಟು ಸೆಕೆಂಡ್ ಓಡಲಿ, ಎಡಿಟ್‌ನಲ್ಲಿ ಬಳಕೆಯಾಗುವುದು ಎರಡು-ಮೂರು ಸೆಕೆಂಡೇ ಆದರೂ. ಕ್ಲ್ಯಾಪ್ ಬೋರ್ಡಿನ ಮೇಲೆ ಬರೀ ‘ಪಿಓವಿ’ ಎಂದು ಬರೆಯದೆ ‘ಪಿಓವಿ ಧಣಿ, 120’ ಎಂದು ಪಾತ್ರವನ್ನೂ ಎತ್ತರವನ್ನೂ ಬರೆಯಿರಿ. ವಾರ ಕಳೆದು, ಬಿಟ್ಟುಹೋದ ಶಾಟ್ ತೆಗೆಯುವ ಪ್ಯಾಚ್ ಶೂಟ್ ಬಂದಾಗ ಅದೇ ಸಂಖ್ಯೆಗೆ ಟೇಪ್ ಹಿಡಿದರೆ ಆಯಿತು.